ಭಾಲ್ಕಿಯವನ ಸೀಸವಿಲ್ಲದ ಏಪ್ರನ್

ಎಕ್ಸ್‌ರೇ ಕೋಣೆಯಲ್ಲಿ ದಿನಾ ಯಾರದಾದರೂ ಮರ್ಯಾದೆ ಹೋಗುತ್ತಲೇ ಇರುತ್ತದೆ. ಈ ವರ್ಷ ಪಾಳಿ ನನ್ನದು. ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುವವ. ಕಿರಣ ತಾಗದಿರಲೆಂದು ಸೀಸ ತುಂಬಿದ ಏಪ್ರನ್ ಹೊತ್ತು ಹೊತ್ತು ನನ್ನ ಹೆಗಲೆರಡೂ ಇಳಿಬಿದ್ದಿವೆ. ಜೊತೆಗೆ ಇನ್ನೊಬ್ಬನಿದ್ದಾನೆ, ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು ಹೋಗುವವ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು?

೧. ಬೆನ್ನು

ಸೀಸವಿಲ್ಲದೆಯೂ ಕಿರಣ ತಡೆಯುವ ಹೊಸ ಹಗುರ ಏಪ್ರನ್ ಒಂದೇ ಒಂದು ಬಂತು. ಡಾಕ್ಟರು ಇಬ್ಬರನ್ನೂ ಕರೆದು, "ಬೆನ್ನು ಗಿನ್ನು ನೋಯ್ತದ ಏನ್ರಿ?" ಎಂದರು. ಕೆಲಸಕ್ಕೆ ಬಾರದವ ಅಂದುಕೊಂಡಾರೆಂದು ನಾನು ಎದೆ ಸೆಟೆಸಿ, "ನನಗೇನಾಗ್ತದ್ರಿ? ಕಲ್ಲಿನಂಗ ಇದ್ದೇನಿ" ಎಂದೆ. ಭಾಲ್ಕಿಯವ ಸೊಂಟ ಹಿಡಿದುಕೊಂಡು ನರಳಿದ. ಹೊಸದು ಅವನಿಗೆ ಹೋಯಿತು. ಕಲ್ಲಿಗೆ ಹಳೆಯದೇ ಗತಿ.

೨. ಔರಾದ ಶಿಬಿರ

ಔರಾದದ ಆರೋಗ್ಯ ಶಿಬಿರದಲ್ಲಿ ಅವನು ಆಕಾಶನೀಲಿ ಏಪ್ರನ್ ತೊಟ್ಟು ಮದುಮಗನಂತೆ ಓಡಾಡುತ್ತಿದ್ದ. ನಾನು ಕಂದುಬಣ್ಣದ ಹಳೆಯದರೊಳಗೆ ಬೆವರುತ್ತಿದ್ದೆ. ಎಕಂಬಾದಿಂದ ಬಂದ ಮುದುಕಿ ಅವನಿಗೆ ಕೈಮುಗಿದು, "ಡಾಕ್ಟರ್ ಸಾಹೇಬ್ರ, ಮೊಣಕಾಲು ನೋಡ್ರಿ" ಎಂದಳು. ಆಮೇಲೆ ನನ್ನ ಕಡೆ ಕನಿಕರದಿಂದ ತಿರುಗಿ, "ತಮ್ಮಾ, ಆ ಮೂಟಿ ಇಳಿಸಿ ಜರಾ ಚಾ ಕುಡಿ. ಹಮಾಲಿ ಕೆಲಸ ಭಾಳ ಕಷ್ಟ" ಎಂದಳು.

ಚಹಾ ತರಿಸಿಕೊಟ್ಟವನೂ ಅವನೇ.

೩. ಬಿರುಕು

ಏಪ್ರನ್ ಒಳಗೆ ಬಿರುಕು ಬಿಟ್ಟಿದೆಯೇ ಎಂದು ಅದನ್ನೇ ಹಾಸಿ ಎಕ್ಸ್‌ರೇ ತೆಗೆದು ನೋಡುವುದು ನಮ್ಮಲ್ಲಿ ರೂಢಿ. ಅವನು ರಜೆ ಹಾಕಿದ ದಿನ ಹೊಸದನ್ನು ಹಾಸಿದೆ. ಕೂದಲೆಳೆಯಷ್ಟಾದರೂ ಬಿರುಕು ಸಿಗಲಿ ಎಂದು ದೇವರನ್ನು ಬೇಡಿಕೊಂಡೆ. ಸಿಗಲಿಲ್ಲ. ಅಷ್ಟರಲ್ಲಿ ಡಾಕ್ಟರು ಬಂದು, "ಶಾಬಾಸ್! ನಿಮ್ಮದೂ ಹಾಸ್ರಿ" ಎಂದರು. ಹಾಸಿದೆ. ಅದರಲ್ಲೂ ಇಲ್ಲ.

"ಭಾರಿ ಗಟ್ಟಿ ಅದ ನೋಡ್ರಿ! ಇನ್ನ ನಿಮಗ ಹೊಸದರ ಚಿಂತಿನೇ ಇಲ್ಲ."

೪. ಅರ್ಜಿ

ಇನ್ನು ತಡೆಯಲಾಗದೆ, ಹೊಸದಾಗಿ ಬಂದಿದ್ದ ಮ್ಯಾನೇಜರಿಗೆ ಅರ್ಜಿ ಬರೆದೆ: "ಹಲವು ವರ್ಷಗಳಿಂದ ಸೀಸದಿಂದ ಬಳಲುತ್ತಿದ್ದೇನೆ. ನನ್ನ ಸಹೋದ್ಯೋಗಿ ಸೀಸ ಬಿಟ್ಟು ಸುಖವಾಗಿದ್ದಾರೆ. ನನಗೂ ಬಿಡಿಸಿಕೊಡಬೇಕೆಂದು ವಿನಂತಿ."

ಮ್ಯಾನೇಜರು ಕರೆಸಿ, ಬಾಗಿಲು ಮುಚ್ಚಿ, ಮೆಲ್ಲಗೆ ಕೇಳಿದರು: "ಡ್ಯೂಟಿ ಮ್ಯಾಲೇ ಏನ್ರಿ?"

"ಹೌದ್ರಿ. ಅದಿಲ್ದ ಮಷೀನಿನ ಹತ್ರ ಹೋಗಂಗಿಲ್ಲ ನಾ."

"ಮನ್ಯಾಗ ಗೊತ್ತದ?"

"ಗೊತ್ತದ್ರಿ. ದಿನಾ ಸಂಜಿಗೆ ಹೆಂಡ್ತಿನೇ ಎಣ್ಣಿ ಹಚ್ಚಿ ಬೆನ್ನು ತಿಕ್ತಾಳ್ರಿ."

ಅವರು ಕಣ್ಣೊರೆಸಿಕೊಂಡು ಒಂದು ಚೀಟಿ ಕೊಟ್ಟರು. ಹೊರಗೆ ಬಂದು ಓದಿದೆ. ಕುಡಿತ ಬಿಡಿಸುವ ಡಾಕ್ಟರಿಗೆ ಬರೆದ ಚೀಟಿ! ಆಗ ತಲೆಗೆ ಹೊಳೆಯಿತು, ನಮ್ಮ ಕಡೆ ಬಾಟಲಿಗೆ ಸೀಸಾ ಅನ್ನುತ್ತಾರೆ.

ತಿಳಿಸಿ ಹೇಳಲು ಓಡುವಷ್ಟರಲ್ಲಿ, ಮ್ಯಾನೇಜರು ಮೊದಲೇ ಹೇಳಿಟ್ಟಂತೆ, ಸಿಬ್ಬಂದಿಯೆಲ್ಲ ಸಭಾಂಗಣದಲ್ಲಿ ಸೇರಿಬಿಟ್ಟಿದ್ದರು. ಸೀಸಾ ಬಿಟ್ಟ ಧೀರನೆಂದು ಭಾಲ್ಕಿಯವನಿಗೆ ಶಾಲು ಹೊದಿಸುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು.

"ಜೀವಮಾನದಾಗ ಒಂದು ಹನಿ ಮುಟ್ಟಿಲ್ಲ ನೀ. ಬಿಟ್ಟಿದ್ದಕ್ಕ ಶಾಲು ಹ್ಯಾಂಗ ತಗೊಂಡಿಯೋ?" ಎಂದು ಕಿವಿಯಲ್ಲಿ ಕೇಳಿದೆ.

ಅವನು ಶಾಲಿನ ಸೆರಗನ್ನು ನನ್ನ ಕೈಗೆ ಕೊಟ್ಟ. "ಅದು ಬಿಡಣ್ಣಾ. ಮುಟ್ಟಿ ನೋಡು, ಏಪ್ರನ್‌ಕಿಂತ ಹಗುರ ಅದ!"