ಮಾವನ ಗಡಿಯಾರಕ್ಕೆ ಪಾಲಿಶ್

ಗೊತ್ತಿದ್ದದ್ದನ್ನು ಬಾಯಿ ಮುಚ್ಚಿಕೊಂಡು ಇಟ್ಟುಕೊಳ್ಳುವುದು ನನ್ನಿಂದಾಗದ ಕೆಲಸ. ಮೇಷ್ಟ್ರುಗಳೆಲ್ಲ ಹೀಗೆಯೋ, ನಾನೊಬ್ಬನೇ ಹೀಗೋ ತಿಳಿಯದು. ಚಿತ್ತಾಪುರದ ಶಾಲೆಯಲ್ಲಿ ದಿನವಿಡೀ ಗಣಿತ ಕೊರೆದು ಶಹಾಬಾದಿಗೆ ಮರಳಿದ ಮೇಲೂ ಇನ್ನೊಂದು ಪಾಠಕ್ಕಾಗುವಷ್ಟು ಮಾತು ಉಳಿದಿರುತ್ತದೆ. ಹೆಂಡತಿ ಕುಕ್ಕರಿನ ನೆಪ ಹೇಳಿ ಒಳಗೆ ಹೋಗಿಬಿಡುತ್ತಾಳೆ. ಸಿಕ್ಕಿಬೀಳುವವನು ಅವಳ ತಮ್ಮ ಬಸಣ್ಣ. ಅವನದು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ. ಹಗಲೆಲ್ಲ ಮಷೀನಿನ ಗದ್ದಲದಲ್ಲಿರುವವನಿಗೆ ನನ್ನ ಮಾತು ವಿಶ್ರಾಂತಿಯಂತೆ ಕೇಳಿಸುತ್ತಿರಬೇಕು.

ಬಸಣ್ಣನ ತಂದೆ ನನಗೆ ಸೋದರಮಾವ, ಆಮೇಲೆ ಹೆಣ್ಣು ಕೊಟ್ಟ ಮಾವ. ವಾಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೂ 'ವಾಚ್ ರಿಪೇರಿ' ಎಂದಿತ್ತೇ ಹೊರತು ಅವರ ಹೆಸರಿರಲಿಲ್ಲ. ಊರವರ ಗಡಿಯಾರಗಳ ನಡುವೆ ಬಿಡುವು ಮಾಡಿಕೊಂಡು, ಸ್ಪ್ರಿಂಗು ಮತ್ತು ಗಾಜು ಬಿಟ್ಟು ಉಳಿದದ್ದನ್ನೆಲ್ಲ ಅರದಿಂದ ಉಜ್ಜಿ ಉಜ್ಜಿ, ಜೀವಮಾನದಲ್ಲಿ ಒಂದೇ ಒಂದು ಜೇಬುಗಡಿಯಾರ ಮಾಡಿದರು. ಸಾಯುವ ಮುಂಚೆ ಅದನ್ನು ನನ್ನ ಕೈಗಿಟ್ಟರು.

ಚಿಂಚೋಳಿ ಕಡೆಯ ಖಾದರಸಾಹೇಬರು ಈಗ ಹೈದರಾಬಾದಿನಲ್ಲಿದ್ದಾರೆ. ಇಂಥ ಗಡಿಯಾರಗಳ ಸಂಗ್ರಾಹಕರು. ನಾನು ಕಳಿಸಿದ ಮಸುಕು ಫೋಟೋ ನೋಡಿ ಫೋನ್ ಮಾಡಿದರು. "ಕೈಕೆಲಸ ಖರೇ ಇದ್ರ ನಮ್ಮ ಪ್ರದರ್ಶನದಾಗ ನಿಮ್ಮ ಮಾವನ ಹೆಸರು ಬರ್ದು ಇಡ್ತೀವ್ರಿ. ಐತವಾರ ಬರ್ತೀನಿ."

ನನಗೆ ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸಣ್ಣನನ್ನು ಕೂರಿಸಿ ಪಾಠ ಶುರು ಮಾಡಿದೆ. ಅಂಚುಗಳು ಕನ್ನಡಿಯ ಹಾಗೆ ಹೊಳೆಯಬೇಕು. ಸ್ಕ್ರೂ ತಲೆ ಒಂದು ಕಡೆಯಿಂದ ಕಪ್ಪಗೆ, ಇನ್ನೊಂದು ಕಡೆಯಿಂದ ಬೆಳ್ಳಗೆ ಕಾಣಬೇಕು. ಒಳಮೂಲೆಗಳು ಮಷೀನಿಗೆ ದಕ್ಕುವುದಿಲ್ಲ, ಕೈಯೇ ಬೇಕು. ಸಂಗ್ರಾಹಕರು ಭೂತಗನ್ನಡಿ ಹಿಡಿದು ಇದನ್ನೆಲ್ಲ ನೋಡಿಯೇ ಬೆಲೆ ಕಟ್ಟುತ್ತಾರೆ. ಬಸಣ್ಣ ಬಾಯಿ ತೆರೆದು ಕೇಳಿದ. ಪಾಠ ಇನ್ನೂ ಅರ್ಧವಿತ್ತು. ಹಳೆಯ ಗಡಿಯಾರವನ್ನು ಮತ್ತೆ ಹೊಳೆಯಿಸಬಾರದು, ಮಾಡಿದವನ ಅರದ ಗೆರೆಗಳಿಂದಲೇ ಅವನ ಗುರುತು ಎಂದು ಹೇಳುವುದಿತ್ತು. ಅಷ್ಟರಲ್ಲಿ ಹೆಂಡತಿ ಬಿಸಿ ರೊಟ್ಟಿಗೆ ಕರೆದಳು.

ಭಾನುವಾರ ಸಾಹೇಬರೆದುರು ಡಬ್ಬಿ ತೆರೆದೆ. ಕಣ್ಣು ಕೋರೈಸಿತು.

"ಅಪ್ಪನ ಕೆಲಸ ಭಾಳ ಮಾಸಿತ್ರಿ," ಎಂದ ಬಸಣ್ಣ, ಹಿಗ್ಗಿನಿಂದ. "ಅಕ್ಕನ ಕಡಿಂದ ಇಸ್ಕೊಂಡು ಒಯ್ದು, ಮುಚ್ಚಳ ತೆಗ್ದು ಒಳಗೂ ತಿಕ್ಕೀನಿ. ಮಷೀನ್ ಮುಟ್ಟಿಸಿಲ್ರಿ, ಎಲ್ಲಾ ಕೈಲೇ. ಮಾಮಾ ಹೇಳ್ದಂಗೇ!"

ನಮ್ಮೂರಿನಲ್ಲಿ ಪಾಲಿಶ್ ಇಲ್ಲದ ಕಲ್ಲನ್ನು ದನದ ಕೊಟ್ಟಿಗೆಗೆ ಹಾಸುತ್ತಾರೆ, ಪಾಲಿಶ್ ಆದದ್ದನ್ನು ದೇವರ ಮನೆಗೆ. ಪಾಪ, ಅವನು ಅಪ್ಪನನ್ನು ದೇವರ ಮನೆಗೆ ತಂದಿದ್ದ.

ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಮೂಲೆಗಳೆಲ್ಲ ಸವೆದ ಸಾಬೂನಿನ ಹಾಗೆ ದುಂಡಗಾಗಿದ್ದವು. ಅರದ ಒಂದು ಗೆರೆಯೂ ಉಳಿದಿರಲಿಲ್ಲ.

"ಕೈಕೆಲಸ ಅಂತೂ ಹೌದು," ಎಂದರು. "ಆದ್ರ ಯಾರ ಕೈದು?"

"ನಂದೇರಿ!" ಎಂದ ಬಸಣ್ಣ.

ನನಗೆ ಅಳು ಬಂತು. ಸಾಹೇಬರು ಮುಚ್ಚಳ ಮುಚ್ಚಿ, ಚಹಾ ಕುಡಿದು ಎದ್ದರು. ಮಾವನ ಹೆಸರನ್ನು ಕೇಳಲೇ ಇಲ್ಲ. ಬಾಗಿಲಲ್ಲಿ ಬಸಣ್ಣ, "ನಿಮ್ಮ ಕೈಯಾಗಿಂದೂ ಮಂಕ ಆಗ್ಯಾದ, ಕೊಡ್ರಿ, ಹೊಳಿಸಿ ಕೊಡ್ತೀನಿ," ಎಂದ. ಸಾಹೇಬರು ಗಡಿಯಾರ ಕಟ್ಟಿದ್ದ ಕೈಯನ್ನು ಸರಕ್ಕನೆ ಜೇಬಿಗೆ ಇಳಿಸಿದರು.

ಅವರ ಕಾರು ತಿರುವು ದಾಟಿತು. "ಅಪ್ಪನ ಹೆಸರು ಹಾಕ್ತಾರಲ್ಲಾ ಮಾಮಾ?" ಎಂದು ಬಸಣ್ಣ ಕೇಳಿದ. ಬೆರಳ ಸಂದಿಯಲ್ಲಿ ಇನ್ನೂ ಪಾಲಿಶ್ ಪುಡಿ ಇತ್ತು.

"ಹಾಕ್ತಾರ," ಎಂದೆ.

ಅವನು ಈಗಲೂ ಬಂದು ಎದುರು ಕೂರುತ್ತಾನೆ. ಗಡಿಯಾರದ ಬಗ್ಗೆ ಇನ್ನಷ್ಟು ಹೇಳು ಎನ್ನುತ್ತಾನೆ. ನಾನು ಕುಕ್ಕರಿನ ನೆಪ ಹೇಳಿ ಒಳಗೆ ಹೋಗಿಬಿಡುತ್ತೇನೆ.