ಮೈನಸ್ಸಿಗೆ ಹೆದರಿದ ಬೀಗರು

ದೇವರ ಹರಕೆಗೂ ವಿಜ್ಞಾನದ ಲೆಕ್ಕಕ್ಕೂ ನಡುವೆ ಸಿಕ್ಕಿ ಬೆವರುವುದು ನಮ್ಮಂಥ ಹಳ್ಳಿ ಶಾಲೆಯಲ್ಲಿ ಕಲಿತವರಿಗೆ ಆಗಾಗ ಇದ್ದದ್ದೇ. ಇಲ್ಲಿರುವ ಮೂರು ಪ್ರಸಂಗಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದವರು ಭದ್ರಾವತಿಯ ನಮ್ಮ ಬೀಗರು, ಅಂದರೆ ಮಗಳ ಮಾವ.

೧. ಸುತ್ತು

ನನ್ನ ಮಗಳು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಚೊಚ್ಚಲ ಹೆರಿಗೆಗೆ ದುರ್ಗಿಗುಡಿಯ ನಮ್ಮ ಮನೆಗೆ ಬಂದಿದ್ದಳು. ಎಲ್ಲ ಸುಸೂತ್ರವಾಗಲೆಂದು ಬೀಗರು ತಮ್ಮೂರ ಆಂಜನೇಯನಿಗೆ ದಿನಾ ಇಪ್ಪತ್ತೊಂದು ಪ್ರದಕ್ಷಿಣೆ ಹಾಕುತ್ತಿದ್ದರು. ಫೋನಿನಲ್ಲಿ ಅದನ್ನು ಕೇಳಿ ಇವಳು ತಮಾಷೆಗೆ, "ಗಡಿಯಾರದ ಮುಳ್ಳಿನ ಹಾಗೆ ತಿರುಗಿದ್ರೆ ನಮ್ಮ ಫಿಸಿಕ್ಸಲ್ಲಿ ಮೈನಸ್, ಮಾವ" ಅಂದಳಂತೆ.

ಬೀಗರು ಗಾಬರಿಬಿದ್ದು ಕೇಳಿದರು: "ತಿಂಗಳಿಂದ ಸುತ್ತಿದ್ದೆಲ್ಲ ಕಳೀತಾ ಹೋಯ್ತೇನಮ್ಮ?"

"ಅಯ್ಯೋ, ಮೈನಸ್ ಅಂದ್ರೆ ನಷ್ಟ ಅಲ್ಲ ಮಾವ, ದಿಕ್ಕು ಅಷ್ಟೇ. ಅದೂ ಮೇಲಿಂದ ನೋಡೋರಿಗೆ. ಕೆಳಗಿಂದ ನೋಡಿದ್ರೆ ಅದೇ ಸುತ್ತು ಪ್ಲಸ್."

"ದೇವರು ಇರೋದೇ ಮೇಲಲ್ವೇನಮ್ಮ!"

೨. ಗೆರೆ

ಬೀಗರ ಈ ಮಾತು ಕೇಳಿ ನಕ್ಕವನು ನಾನು. ಆ ನಗು ಹೆರಿಗೆ ವಾರ್ಡಿನ ಬಾಗಿಲವರೆಗೆ ಮಾತ್ರ ಉಳಿಯಿತು. ಮಗಳು ಒಳಗೆ ಹೋಗಿ ನಾಲ್ಕು ತಾಸಾಗಿತ್ತು. ನರ್ಸಮ್ಮ ಹೊರಗೆ ಬಂದು, "ತಲೆ ಇನ್ನೂ ಮೈನಸ್ ಎರಡರಲ್ಲಿದೆ" ಅಂದರು.

"ಮೈನಸ್ಸಾ?" ಅಂದೆ ನಾನು. ಭದ್ರಾವತಿಯಿಂದ ಓಡಿ ಬಂದಿದ್ದ ಬೀಗರು ನನ್ನ ಕೈ ಹಿಡಿದುಕೊಂಡರು.

"ಹೆದರ್ಬೇಡಿ ಅಜ್ಜ. ತಾಯಿ ಸೊಂಟದ ಮೂಳೆ ಹತ್ರ ಒಂದು ಗೆರೆ ಅಂದ್ಕೊಳ್ಳಿ, ಅದು ಸೊನ್ನೆ. ಮಗು ಅಲ್ಲಿಂದ ಎರಡು ಸೆಂಟಿಮೀಟರ್ ಮೇಲಿದೆ. ಇಳೀಬೇಕು" ಅಂದರು ನರ್ಸಮ್ಮ.

ಬೀಗರು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕೈ ಮುಗಿದು, "ಇಳಿಸಪ್ಪಾ, ಬೇಗ ಇಳಿಸಪ್ಪಾ" ಎಂದು ಗಟ್ಟಿಯಾಗಿ ಬೇಡತೊಡಗಿದರು. ಪಕ್ಕದಲ್ಲಿ ಲಿಫ್ಟಿಗೆ ಕಾಯುತ್ತಿದ್ದ ಒಬ್ಬರು ಮೆಲ್ಲಗೆ ಹೇಳಿದರು: "ಯಜಮಾನ್ರೇ, ಲಿಫ್ಟು ಹಾಗೆ ಬರಲ್ಲ. ಗುಂಡಿ ಒತ್ಬೇಕು."

೩. ತೂಕ

ಸಂಜೆಯ ಹೊತ್ತಿಗೆ ಅಳು ಕೇಳಿಸಿತು. ಹೆಣ್ಣು ಮಗು. ಮಗಳೂ ಕ್ಷೇಮ. ನರ್ಸಮ್ಮ ಬಾಗಿಲು ತೆರೆದಿಟ್ಟು ಮಗುವನ್ನು ತೂಕದ ಯಂತ್ರದ ಮೇಲೆ ಮಲಗಿಸಿದರು. ತೂಕ ಬರೆದುಕೊಳ್ಳುವಾಗ ಅವರ ಕೈ ಸೊನ್ನೆಯ ಗುಂಡಿಗೆ ತಗುಲಿ, ಮಗು ಮೇಲಿರುವಾಗಲೇ ಯಂತ್ರ ಸೊನ್ನೆಗೆ ಬಂತೋ ಏನೋ, ಅವರು ಮಗುವನ್ನು ಎತ್ತಿದ್ದೇ ತಡ, ಕೆಂಪು ಅಂಕಿಯಲ್ಲಿ ಮೂಡಿತು: ಮೈನಸ್ ಎರಡು ಪಾಯಿಂಟ್ ಒಂಬತ್ತು.

"ಬೀಗರೇ, ಮತ್ತೆ ಮೈನಸ್ಸು! ಮಗೂಗೆ ಏನೋ ಆಯ್ತು!" ಎಂದು ಕೂಗಿದವರೇ ಬೀಗರು ನೆಲಕ್ಕೆ ಕುಕ್ಕರಿಸಿದರು. ನಾನೂ ಕುಕ್ಕರಿಸಿದೆ.

ನರ್ಸಮ್ಮ ಬಗ್ಗಿ ಬೀಗರ ಮಡಿಲಿಗೆ ಬಟ್ಟೆಯಲ್ಲಿ ಸುತ್ತಿದ ಮಗುವನ್ನಿಟ್ಟರು. "ಅಲ್ಲಿ ಕಮ್ಮಿಯಾದ ಎರಡು ಪಾಯಿಂಟ್ ಒಂಬತ್ತು ಕಿಲೋ ಇಲ್ಲಿದೆ, ತಗೊಳ್ಳಿ. ಉಚ್ಚೆ ಹೊಯ್ದಿದೆ, ಹುಷಾರು."

ಹೆರಿಗೆ ವಾರ್ಡಿನ ಹೊರಗೆ ಹೆದರಿ ಕೂತವರು ಯಾರಾದರೂ ಕಂಡರೆ ಇದನ್ನು ಹೇಳಿಬಿಡಿ. ನಾನೂ ಕುಕ್ಕರಿಸಿದ್ದನ್ನು ಮಾತ್ರ ಬಿಟ್ಟು ಹೇಳಿ.