ಒಂದು ನಟ್ಟು ಬಾಕಿ

ಬದರಿನಾಥನ ಕಾರಿಗೆ ಬಾಕಿ ಉಳಿದಿದ್ದದ್ದು ಒಂದೇ ಒಂದು ನಟ್ಟು. ಸ್ಟಿಯರಿಂಗ್ ಚಕ್ರದ ಮಧ್ಯದಲ್ಲಿ ಕೂರುವ ನಟ್ಟು ಅದು. ಅದನ್ನು ಬಿಗಿ ಮಾಡದೆ ಓಡಿಸಿದರೆ ಮೊದಲ ತಿರುವಿನಲ್ಲೇ ಕಾರು ಒಂದು ಕಡೆಗೂ, ಚಕ್ರ ಹಿಡಿದುಕೊಂಡ ಬದರಿನಾಥ ಇನ್ನೊಂದು ಕಡೆಗೂ ಹೋಗುವ ಸಂಭವವಿತ್ತು. ಎರಡು ನಿಮಿಷದ ಕೆಲಸ. ಹಿಂದಿನ ದಿನವೇ ಮುಗಿಸಬಹುದಿತ್ತು. ಆದರೆ ಆರು ವರ್ಷದ ಕೆಲಸದ ಕೊನೆಯ ತಿರುಪನ್ನು ಆಯುಧಪೂಜೆಯ ದಿನ ತಲೆಗೆ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಹಾಕಬೇಕೆಂದು ಅವನಿಗೆ ಆಸೆ. ಆಸೆಯೇ ದುಃಖಕ್ಕೆ ಮೂಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಇದು ಅಂಗಡಿಯಿಂದ ತಂದ ಕಾರಲ್ಲ. ಅರವತ್ತು ವರ್ಷ ಹಿಂದಿನ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ರೇಸ್ ಕಾರೊಂದರ ತದ್ರೂಪು. ಬಿಡಿಭಾಗಗಳಾಗಿ ಹದಿನಾಲ್ಕು ಪೆಟ್ಟಿಗೆಗಳಲ್ಲಿ ಟೆಕ್ಸಾಸ್‌ನ ಮರ್ಫಿ ಎಂಬ ಊರಿನ ಅವನ ಮನೆಗೆ ಬಂದು ಇಳಿದಿತ್ತು. ಜೊತೆಗಿದ್ದ ಪುಸ್ತಕದಲ್ಲಿ ‘ಇಬ್ಬರು ಸೇರಿದರೆ ಒಂದು ಬೇಸಿಗೆಯಲ್ಲಿ ಮುಗಿಯುತ್ತದೆ’ ಎಂದಿತ್ತು. ಬದರಿನಾಥ ಒಬ್ಬನೇ ಇದ್ದ. ಟೆಕ್ಸಾಸ್‌ನಲ್ಲಿ ಬೇಸಿಗೆಗಳಿಗೇನೂ ಬರವಿರಲಿಲ್ಲವಾದ್ದರಿಂದ ಆರು ಕಳೆದವು.

ನಿಜ ಹೇಳಬೇಕೆಂದರೆ ಅವನು ಜೋಡಿಸಿದ್ದಕ್ಕಿಂತ ಕೂತದ್ದೇ ಹೆಚ್ಚು. ಆಫೀಸು ಮುಗಿಸಿ, ಊಟ ಮಾಡಿ ಗ್ಯಾರೇಜಿಗೆ ಹೋದನೆಂದರೆ ಎಂಜಿನ್ ಇಲ್ಲದ, ಗಾಲಿಯಿಲ್ಲದ ಆ ಚೌಕಟ್ಟಿನೊಳಗೆ ಇಳಿದು, ಎರಡೂ ಕೈ ಮುಂದೆ ಚಾಚಿ ಕೂರುತ್ತಿದ್ದ. ಸ್ವಲ್ಪ ಹೊತ್ತಿಗೆ ಗ್ಯಾರೇಜಿನ ಬಾಗಿಲು ಕರಗುತ್ತಿತ್ತು. ಆಸ್ಟಿನ್ ಕಡೆಯ ದಾರಿ ತೆರೆದುಕೊಳ್ಳುತ್ತಿತ್ತು. ಎರಡೂ ಬದಿಗೆ ವಸಂತದ ನೀಲಿ ಹೂವಿನ ಹೊಲಗಳು, ಎಲ್ಲಿಯೂ ಒಂದು ಸಿಗ್ನಲ್ ಇಲ್ಲ, ಪೆಟ್ರೋಲು ಮುಗಿಯುವುದಿಲ್ಲ, ಪಕ್ಕದ ಸೀಟಿನಲ್ಲಿ ಹೆಂಡತಿ ಲೀಲಾವತಿ. ಗಾಳಿಗೆ ಕೂದಲು ಹಾರಿ ಅವನ ಕೆನ್ನೆಗೆ ತಾಗುತ್ತಿತ್ತು. ಆ ದಾರಿಯಲ್ಲಿ ಅವಳು ಯಾವಾಗಲೂ ನಗುತ್ತಿದ್ದಳು, ಅವನೂ ಯಾವಾಗಲೂ ಮೂವತ್ತು ವರ್ಷದವನಾಗಿರುತ್ತಿದ್ದ.

ಎಚ್ಚರದ ಲೀಲಾವತಿ ಅಷ್ಟಾಗಿ ನಗುತ್ತಿರಲಿಲ್ಲ. ಮನೆಯೊಳಗೆ ಎಣ್ಣೆ ವಾಸನೆ ಆಗಬಾರದೆಂದು ಆ ಸೀಮೆಯ ಎಲ್ಲ ಕನ್ನಡದ ಮನೆಗಳಂತೆ ಅವಳೂ ಗ್ಯಾರೇಜಿನಲ್ಲಿ ಇನ್ನೊಂದು ಒಲೆ ಇಟ್ಟುಕೊಂಡಿದ್ದಳು. ಪೆಟ್ಟಿಗೆಗಳು ಬಂದ ದಿನ ಒಲೆ ಹಿತ್ತಲಿಗೆ ಹೋಯಿತು. ಆರು ವರ್ಷ ಟೆಕ್ಸಾಸ್ ಗಾಳಿಗೆ ಬೆನ್ನು ಕೊಟ್ಟು ಅಂಬೊಡೆ ಕರಿದವಳು ಕೊನೆಗೆ ಈ ಯುಗಾದಿಯ ದಿನ ತೀರ್ಪು ಕೊಟ್ಟಳು. ಆಯುಧಪೂಜೆಯ ಸಂಜೆ ಐದು ಗಂಟೆಯೊಳಗೆ ಕಾರು ತಾನಾಗಿ ಓಡಿ ಗ್ಯಾರೇಜಿನಿಂದ ಹೊರಗೆ ಬರಬೇಕು. ಬಂದರೆ ಸರಿ, ಇನ್ನು ಜನ್ಮದಲ್ಲಿ ಒಂದು ಮಾತು ಆಡುವುದಿಲ್ಲ. ಬರದಿದ್ದರೆ ಅದು ಆಸ್ಟಿನ್ನಿನ ಸುಧೀಂದ್ರನ ಪಾಲು. ಕನ್ನಡ ಸಂಘದ ಗುಂಪಿನಲ್ಲಿ ವಿಚಾರಿಸಿ ಅವನನ್ನು ಅವಳೇ ಹುಡುಕಿದ್ದಳು. ಅವನು ಐದು ಗಂಟೆಗೆ ಸರಿಯಾಗಿ ಟ್ರೈಲರ್ ಕಟ್ಟಿಕೊಂಡು ಬರುವುದಾಗಿ ಒಪ್ಪಿದ್ದ.

ಹೀಗಿರುವಾಗ ಹಬ್ಬದ ಬೆಳಿಗ್ಗೆ ಎಂಟಕ್ಕೆ ಬದರಿನಾಥ ಸ್ನಾನ ಮಾಡಿ ಗ್ಯಾರೇಜಿಗೆ ಹೋದರೆ, ಗೋಡೆಯ ಮೇಲೆ ಒಂದು ಸ್ಪ್ಯಾನರೂ ಇರಲಿಲ್ಲ.

ಮೈಸೂರಿನಿಂದ ಬಂದಿದ್ದ ಅವನ ಅತ್ತೆ ಗೋದಾವರಮ್ಮ ಐದಕ್ಕೇ ಎದ್ದು ಎಲ್ಲವನ್ನೂ ಸೋಪು ಹಾಕಿ ತೊಳೆದು, ಒರೆಸಿ, ಗೊಂಬೆ ಕೂರಿಸಿದ್ದ ಮೆಟ್ಟಿಲ ಬುಡದಲ್ಲಿ ಸಾಲಾಗಿ ಮಲಗಿಸಿದ್ದರು. ಸ್ಪ್ಯಾನರುಗಳಿಗೆ ಕುಂಕುಮ, ಸುತ್ತಿಗೆಗೆ ಸೇವಂತಿಗೆ, ಡ್ರಿಲ್ಲಿಗೆ ಗೆಜ್ಜೆವಸ್ತ್ರ. ಒಂದೇ ಒಂದು ಸ್ಪ್ಯಾನರನ್ನು ಎರಡೇ ನಿಮಿಷಕ್ಕೆ ಕೊಡಿ ಎಂದು ಬದರಿನಾಥ ಕೈಮುಗಿದು ಕೇಳಿಕೊಂಡ.

“ಪೂಜೆಗೆ ಇಟ್ಟಾಯ್ತಲ್ಲ ಅಳಿಯಂದ್ರೇ,” ಎಂದರು ಗೋದಾವರಮ್ಮ. “ನಾಳೆ ಪುನಃಪೂಜೆ ಆದ್ಮೇಲೆ ತಗೊಳಿ. ವರ್ಷವೆಲ್ಲ ದುಡೀತಾವೆ, ಒಂದು ದಿನ ಅವಕ್ಕೂ ರೆಸ್ಟ್ ಬೇಡ್ವಾ?”

ತನ್ನ ಸ್ಪ್ಯಾನರುಗಳು ವರ್ಷವೆಲ್ಲ ದುಡಿಯುವುದಿಲ್ಲ, ಬಹುಪಾಲು ದಿನ ರೆಸ್ಟಿನಲ್ಲೇ ಇರುತ್ತವೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅತ್ತೆ ಅತ್ತ ತಿರುಗಿದಾಗ ಒಂದನ್ನು ಎತ್ತಿಬಿಡಬಹುದಿತ್ತು. ಆದರೆ ದೇವರ ಮುಂದಿನಿಂದ ಕದ್ದ ಸ್ಪ್ಯಾನರಿನಲ್ಲಿ ಸ್ಟಿಯರಿಂಗ್ ಬಿಗಿದು ಹೆದ್ದಾರಿಗೆ ಇಳಿಯುವಷ್ಟು ನಾಸ್ತಿಕ ಅವನಲ್ಲ. ಲೀಲಾವತಿ ಒಳಗಿನಿಂದಲೇ, ಸುಧೀಂದ್ರ ಮಧ್ಯಾಹ್ನವೇ ಆಸ್ಟಿನ್ ಬಿಡುತ್ತಾನಂತೆ ಎಂದು ತಿಳಿಸಿದಳು.

ಮನೆಯನ್ನೆಲ್ಲ ಜಾಲಾಡಿದರೂ ಇನ್ನೊಂದು ಸ್ಪ್ಯಾನರ್ ಸಿಗದೆ ಬದರಿನಾಥ ಎರಡು ಮನೆ ಆಚೆಗಿದ್ದ ಧಾರವಾಡದ ವೆಂಕಣ್ಣನ ಬಳಿಗೆ ಓಡಿದ. ವೆಂಕಣ್ಣ ಹಗಲು ಹನ್ನೊಂದಕ್ಕೆ ಸೋಫಾದ ಮೇಲೆ ಕಾಲು ಚಾಚಿ ಅವಲಕ್ಕಿ ತಿನ್ನುತ್ತಿದ್ದ. ಅವನ ಆಫೀಸಿನ ಲ್ಯಾಪ್‌ಟಾಪೂ ದೇವರ ಮುಂದೆ ಹೂ ಮುಡಿದು ಕೂತಿತ್ತು.

“ನಮ್ಮಲ್ಲೆ ಖಂಡೆ ಪೂಜಾ ಮುಂಜಾನೇನ ಆಗೇದರೀ,” ಎಂದ ವೆಂಕಣ್ಣ. “ನಾಳೆ ತನಕಾ ಪಾನಾ ಮುಟ್ಟೋಹಂಗಿಲ್ಲ. ನಮ್ಮ ಮ್ಯಾನೇಜರ್‌ಗೂ ಹೇಳಿಬಿಟ್ಟೇನ್ರೀ, ಇವತ್ತ ಲ್ಯಾಪ್‌ಟಾಪ್ ತಗದ್ರ ದೋಷ ಬರ್ತದ ಅಂತ.”

ಧಾರವಾಡದ ಬಾಯಲ್ಲಿ ಪಾನಾ ಎಂದರೆ ಸ್ಪ್ಯಾನರೇ. ಅದನ್ನು ಕೊಡಲಾಗದ ಸಂಕಟಕ್ಕೆ ವೆಂಕಣ್ಣ ಉಪಕಾರಕ್ಕೆ ಇಳಿದ. ಉಪಕಾರವೆಂದರೆ, ಬದರಿನಾಥರಿಗೆ ತುರ್ತಾಗಿ ಸ್ಪ್ಯಾನರ್ ಬೇಕಾಗಿದೆ ಎಂದು ಸಂಘದ ಗುಂಪಿಗೆ ಹಾಕಿದ. ಹತ್ತು ನಿಮಿಷದಲ್ಲಿ ಇಪ್ಪತ್ತಮೂರು ಫೋಟೋ ಬಂದವು. ಪ್ರಾಸ್ಪರ್ ಊರಿನಿಂದ, ಕುಂಕುಮ ಹಚ್ಚಿಸಿಕೊಂಡ ಏಣಿ, ಫ್ಲವರ್ ಮೌಂಡ್‌ನಿಂದ ಡಾಕ್ಟರ್ ಜಯತೀರ್ಥರ ಹಾರ ಹಾಕಿದ ಸ್ಟೆತಸ್ಕೋಪು, ಹ್ಯೂಸ್ಟನ್‌ನಿಂದ ಅಕ್ಷತೆ ಹಾಕಿದ ಮಿಕ್ಸಿ. ಎಲ್ಲರೂ ಬದರಿನಾಥನಿಗೆ ಹಬ್ಬದ ಶುಭಾಶಯ ಕೋರಿದ್ದರು. ಕೆಲವರು ಇಂಥ ದಿನ ಸ್ಪ್ಯಾನರ್ ಕೇಳಿದ್ದಕ್ಕೆ ಬುದ್ಧಿಯನ್ನೂ ಹೇಳಿದ್ದರು.

ಇನ್ನು ಅಂಗಡಿಯೇ ಗತಿ ಎಂದು ಬದರಿನಾಥ ಪಕ್ಕದೂರು ಪ್ಲೇನೋವರೆಗೆ ವ್ಯಾನ್ ಓಡಿಸಿಕೊಂಡು ಹೋಗಿ, ನಾಲ್ಕೈದು ಅಂಗಡಿ ಅಲೆದು, ಅಳತೆಗೆ ಸರಿಯಾದ ಹೊಸ ಸ್ಪ್ಯಾನರ್ ಕೊಂಡ. ಬರುವಾಗ ಅದನ್ನು ಪಕ್ಕದ ಸೀಟಿನ ಮೇಲೆ ಇಟ್ಟು, ಆಗಾಗ ಮುಟ್ಟಿ ನೋಡುತ್ತಾ ಬಂದ. ಕಣ್ಣ ಮುಂದೆ ಮತ್ತೆ ನೀಲಿ ಹೂವಿನ ದಾರಿ ತೆರೆಯಿತು. ಆ ದಾರಿಯಲ್ಲೇ ಸಾಗುತ್ತಾ, ಗ್ಯಾರೇಜಿನ ಕಡೆಗೆ ಹೋಗಬೇಕಾದವನು ಅಭ್ಯಾಸಬಲದಿಂದ ಮುಂಬಾಗಿಲಿಗೆ ಹೋದ. ಬಾಗಿಲಲ್ಲಿ ತೋರಣ ಕಟ್ಟುತ್ತಿದ್ದ ಗೋದಾವರಮ್ಮನ ಮುಖ ಅರಳಿತು.

“ಹೊಸದು ತಂದ್ರಾ? ಒಳ್ಳೇ ದಿನ ತಂದ್ರಿ,” ಎಂದು ಅವನ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಒಯ್ದು ಉಳಿದವುಗಳ ಜೊತೆ ಮಲಗಿಸಿಬಿಟ್ಟರು. ಮೇಲೊಂದು ತುಳಸಿದಳವೂ ಬಿತ್ತು.

ಆಗ ಮೂರೂವರೆ. ಉಳಿದದ್ದು ಬೇಲಿಯಾಚೆಯ ರಾಡ್ನಿ. ನಿವೃತ್ತ ಮನುಷ್ಯ, ಹುಟ್ಟಿನಿಂದ ಟೆಕ್ಸಾಸಿನವನು, ಹೆಂಡತಿ ತೀರಿಕೊಂಡ ಮೇಲೆ ಒಂಟಿ. ಅವನ ಷೆಡ್ಡಿನಲ್ಲಿ ಇಲ್ಲದ ಸಾಮಾನಿಲ್ಲ. ಇವನಿಗೆಂಥ ಆಯುಧಪೂಜೆ ಎಂದು ಬದರಿನಾಥ ಧೈರ್ಯವಾಗಿ ಬೇಲಿ ದಾಟಿದ. ರಾಡ್ನಿ ಸಂತೋಷದಿಂದ ಷೆಡ್ಡಿನ ಬಾಗಿಲು ತೆರೆದು ತೋರಿಸಿದ. ಒಳಗೆ ಗರಗಸ, ಸ್ಪ್ಯಾನರು, ಹುಲ್ಲು ಕತ್ತರಿಸುವ ಯಂತ್ರ ಎಲ್ಲವೂ ಥಳಥಳ ತೊಳೆಸಿಕೊಂಡು, ಚೆಂಡುಹೂ ಇಟ್ಟುಕೊಂಡು, ಹಣೆಗೆ ಕೆಂಪು ಪೇಂಟಿನ ಚುಕ್ಕಿ ಇಡಿಸಿಕೊಂಡು ಕೂತಿದ್ದವು. ಹೋದ ವರ್ಷ ಇದೇ ಬೇಲಿಗೆ ಒರಗಿ ಮುಕ್ಕಾಲು ಗಂಟೆ ಆಯುಧಪೂಜೆಯ ಮಹತ್ವ ತಿಳಿಸಿದವನು ಬದರಿನಾಥನೇ. ಆ ದಿನ ಸಲಕರಣೆ ಮುಟ್ಟಿದರೆ ಅವು ಮುನಿಸಿಕೊಳ್ಳುತ್ತವೆ ಎಂದು ತಾನಾಗಿಯೇ ಒಂದು ಮಾತನ್ನೂ ಸೇರಿಸಿದ್ದ. ರಾಡ್ನಿ ಅದನ್ನು ಮರೆತಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದೀಯಾ ಎಂದು ನಕ್ಕು, ಬದರಿನಾಥನ ಬೆನ್ನು ತಟ್ಟಿದ.

ಸೋತವನಂತೆ ಬದರಿನಾಥ ಹಿತ್ತಲಿಗೆ ಬಂದ. ಕಾರನ್ನು ಕೊಂಡೊಯ್ಯಲಿ ಬಿಡು ಎಂದು ಲೀಲಾವತಿಗೆ ಹೇಳಿಬಿಡುವುದೆಂದು ನಿರ್ಧರಿಸಿದ್ದ. ಲೀಲಾವತಿ ಹಿಟ್ಟು ತರಲು ಒಳಗೆ ಹೋಗಿದ್ದಳು. ಒಲೆಯ ಪಕ್ಕದಲ್ಲಿ, ಬಾಣಲೆ ಇಳಿಸುವ ಇಕ್ಕಳ ಬಿದ್ದಿತ್ತು. ಅದಕ್ಕೆ ಕುಂಕುಮವಿರಲಿಲ್ಲ. ಹಬ್ಬದ ಅಡುಗೆ ಆಗಬೇಕಾದ್ದರಿಂದ ಇಡೀ ಮರ್ಫಿಯಲ್ಲಿ ಪೂಜೆಗೆ ಕೂರದೆ ಉಳಿದ ಆಯುಧ ಅದೊಂದೇ.

ನಟ್ಟಿನ ಅಗಲಕ್ಕೆ ಇಕ್ಕಳದ ಬಾಯಿ ಹೇಳಿ ಮಾಡಿಸಿದಂತಿತ್ತು. ಇಕ್ಕಳ ಸಲಕರಣೆಯಲ್ಲ, ಅಡುಗೆ ಸಾಮಾನು ಎಂದು ಖಚಿತಪಡಿಸಿಕೊಂಡು, ಬೇಲಿ ದಾಟಿ ಬಂದ ರಾಡ್ನಿ ಚಕ್ರ ಹಿಡಿದುಕೊಂಡ. ಹಲ್ಲು ಕಚ್ಚಿ, ಬೆವರು ಸುರಿಸಿ, ಎರಡು ನಿಮಿಷದ ಕೆಲಸವನ್ನು ಬದರಿನಾಥ ಮುಕ್ಕಾಲು ಗಂಟೆಯಲ್ಲಿ ಮುಗಿಸಿದ. ಒಗೆದ ಅಂಗಿ ಗ್ರೀಸಾಯಿತು. ಐದಕ್ಕೆ ಐದು ನಿಮಿಷವಿರುವಾಗ ಕಾರು ಗುಡುಗಿ, ನಾಲ್ಕು ನಿಂಬೆಹಣ್ಣುಗಳನ್ನು ಹಿಸುಕಿಕೊಂಡು, ಆಗಷ್ಟೇ ಬಂದು ನಿಂತ ಸುಧೀಂದ್ರನ ಟ್ರೈಲರಿನ ಮೂಗಿನ ಮುಂದೆ ಡ್ರೈವ್‌ವೇಗೆ ಇಳಿಯಿತು.

ಗೋದಾವರಮ್ಮ ಆರತಿ ಎತ್ತಿದರು. ಮೂರು ಸಲ ಪಾಲಿಶ್ ಮಾಡಿದ ಕೆಂಪು ಮೂತಿಯ ಮೇಲೆ ಅರಿಶಿನದ ಸ್ವಸ್ತಿಕ ಬರೆದರು. ಹಿಂಬದಿ ನೋಡುವ ಕನ್ನಡಿಗೆ ದಪ್ಪನೆಯ ಹಾರ ಹಾಕಿದರು. ಬದರಿನಾಥ ಲೀಲಾವತಿಯ ಕಡೆ ನೋಡಿ, ಬಾ ಎನ್ನುವಂತೆ ಪಕ್ಕದ ಸೀಟು ತಟ್ಟಿದ. ಅಷ್ಟರಲ್ಲಿ ಆ ಸೀಟಿನಲ್ಲಿ ಅತ್ತೆ ಕೂತಾಗಿತ್ತು. ಅಮ್ಮನೇ ಮೊದಲು ಹೋಗಿಬರಲಿ, ದೊಡ್ಡವರಲ್ವಾ ಎಂದಳು ಲೀಲಾವತಿ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಆರತಿ ತಟ್ಟೆ ಹಿಡಿದುಕೊಂಡೇ ನೋಡುತ್ತಾ ನಿಂತಿದ್ದಳು. ಕನ್ನಡಿಯ ತುಂಬ ಹೂವಿದ್ದುದರಿಂದ ಅದು ಬದರಿನಾಥನಿಗೆ ಕಾಣಲಿಲ್ಲ.

ಬಡಾವಣೆಯ ಒಂದು ಸುತ್ತು ಏಳು ನಿಮಿಷದಲ್ಲಿ ಮುಗಿಯಿತು. ಆ ಬೀದಿಗಳಲ್ಲಿ ಗಂಟೆಗೆ ಇಪ್ಪತ್ತೈದು ಮೈಲಿ ವೇಗ ದಾಟುವಂತಿಲ್ಲ, ಮೂಲೆಮೂಲೆಗೂ ಸ್ಟಾಪ್ ಬೋರ್ಡು. ಎಂಜಿನ್ನಿನ ಕಾವಿಗೆ ಅಂಗಾಲು ಬೆಂದಿತು, ಸೊಂಟ ಹಿಡಿದುಕೊಂಡಿತು. ರಾತ್ರಿ ಹುಳಿಗೆ ಕುಂಬಳಕಾಯಿ ಸಾಕೋ ನುಗ್ಗೆಕಾಯಿಯೂ ಹಾಕುವುದೋ ಎಂದು ಅತ್ತೆ ಕೂಗಿ ಕೇಳುತ್ತಲೇ ಇದ್ದರು. ಮನೆಯ ಮುಂದೆ ಬಂದು ಎಂಜಿನ್ ಆರಿಸಿದಾಗ ಬದರಿನಾಥನಿಗೆ ಇಷ್ಟೇನಾ ಎನ್ನಿಸಿತು. ಎದುರಿಗೆ ಗ್ಯಾರೇಜು ಬಾಯಿ ತೆರೆದುಕೊಂಡು ಖಾಲಿ ನಿಂತಿತ್ತು. ನಾಳೆ ಊಟವಾದ ಮೇಲೆ ತಾನೆಲ್ಲಿಗೆ ಹೋಗಬೇಕು ಎಂದು ಯೋಚಿಸಿದ. ಅವನಿಗೆ ನಿಜವಾಗಿ ದುಃಖವಾಯಿತು.

“ಗೆದ್ರಿ ಬಿಡಿ,” ಎಂದಷ್ಟೇ ಹೇಳಿ ಲೀಲಾವತಿ ಸರಸರ ಒಳಗೆ ಹೋದಳು. ಕೋಪ ಬಂದಿದೆ ಎಂದುಕೊಂಡ ಬದರಿನಾಥ.

ಸುಧೀಂದ್ರ ಟ್ರೈಲರಿನ ಅಂಚಿನಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದ. ಬರಿಗೈಯಲ್ಲಿ ಹೋಗಬೇಕಾದ್ದಕ್ಕೆ ಬದರಿನಾಥ ಸಮಾಧಾನ ಹೇಳಲು ಹೋದರೆ, ಅವನ ಸಂಕಟವೇ ಬೇರೆ.

“ನನ್ನ ಹತ್ರಾನೂ ಇಂಥದ್ದೇ ಇದೆ ಸರ್. ಮಾರ್ಚ್‌ನಲ್ಲಿ ಮುಗಿಸಿದೆ. ಒಂದ್ಸಲ ಹ್ಯೂಸ್ಟನ್‌ಗೆ ಹೋಗಿಬಂದೆ, ಅಷ್ಟೇ,” ಎಂದ ಸುಧೀಂದ್ರ. “ಆಮೇಲೆ ಸಂಜೆ ಹೊತ್ತು ಏನು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ನಿಮ್ಮದರಲ್ಲಿ ಇನ್ನೂ ಕೆಲಸ ಬಾಕಿ ಇದೆ ಅಂದ್ರು. ಅದಕ್ಕೇ ಆಸೆಪಟ್ಟು ಬಂದಿದ್ದೆ.”

ಆಮೇಲೆ ಬದರಿನಾಥ ಯಾರ ಮುಖವನ್ನೂ ನೋಡದೆ, ಬರುವಾಗ ಗೇರ್‌ಬಾಕ್ಸಿನಲ್ಲಿ ಏನೋ ಸದ್ದು ಕೇಳಿದ ಹಾಗಾಯಿತು ಎಂದ. ನಾನೂ ಕೇಳಿಸಿಕೊಂಡೆ ಎಂದು ಸುಧೀಂದ್ರ ಎದ್ದು ನಿಂತ. ಆರತಿಗೆ ಬಂದು ಪ್ರಸಾದ ತಿನ್ನುತ್ತಿದ್ದ ವೆಂಕಣ್ಣನಿಗೂ ಕೇಳಿಸಿತ್ತಂತೆ. ರಾಡ್ನಿಯನ್ನು ಕೇಳಲಾಗಿ, ಬಹಳ ಯೋಚಿಸಿ, ತಲೆದೂಗಿ, ಗೇರ್‌ಬಾಕ್ಸೇ ಎಂದ. ಒಳಗೆ ಕೂತಿದ್ದ ತನಗೆ ಮಾತ್ರ ಏನೂ ಕೇಳಿಸಲಿಲ್ಲವಲ್ಲ ಎಂದು ಗೋದಾವರಮ್ಮ ಆಶ್ಚರ್ಯಪಟ್ಟರು. ಪಳಗಿದ ಕಿವಿಗಷ್ಟೇ ಅದು ಕೇಳುವುದು ಎಂದು ನಾಲ್ವರೂ ಅವರಿಗೆ ವಿವರಿಸಿದರು.

ಸುಧೀಂದ್ರನ ಸಲಕರಣೆಗಳೂ ಆಸ್ಟಿನ್ನಿನಲ್ಲಿ ದೇವರ ಮುಂದಿದ್ದವು. ಆದರೂ ಇಕ್ಕಳವಿತ್ತಲ್ಲ. ಕಾರನ್ನು ಹಿಂದಕ್ಕೆ ತಳ್ಳಿ ಗ್ಯಾರೇಜಿಗೆ ಸೇರಿಸಿದರು. ಗೇರ್‌ಬಾಕ್ಸಿಗೆ ಕೈಹೋಗಬೇಕಾದರೆ ಪಕ್ಕದ ಸೀಟು ತೆಗೆಯಬೇಕು. ಇಕ್ಕಳಕ್ಕೆ ಸೀಟಿನ ಬೋಲ್ಟುಗಳು ಒಂದೊಂದಾಗಿ ಒಪ್ಪಿಕೊಂಡವು. ಸೀಟನ್ನು ಹೊತ್ತು ತಂದು ಡ್ರೈವ್‌ವೇಯಲ್ಲಿ ಇಟ್ಟರು. ಬದರಿನಾಥ ಗುನುಗಲು ಶುರುಮಾಡಿದ್ದ. ಒಂದೆರಡು ವರ್ಷದ ಕೆಲಸವಾದರೂ ಇದೆ ಎಂದು ಸುಧೀಂದ್ರ ಲೆಕ್ಕ ಹಾಕಿದ. ವಾರಕ್ಕೊಮ್ಮೆ ಬರುವುದೆಂದೂ ನಿಶ್ಚಯವಾಯಿತು.

ಆಗ ಮುಂಬಾಗಿಲು ತೆರೆದು ಲೀಲಾವತಿ ಹೊರಗೆ ಬಂದಳು. ಹಬ್ಬದ ಸೀರೆ ಬದಲಾಯಿಸಿ ಜೀನ್ಸ್ ಹಾಕಿಕೊಂಡಿದ್ದಳು. ಕಣ್ಣಿಗೆ ಕಪ್ಪು ಕನ್ನಡಕ. ತಲೆಗೆ ನೀಲಿ ರೇಷ್ಮೆಯ ಸ್ಕಾರ್ಫ್ ಕಟ್ಟಿದ್ದಳು. ಆರು ವರ್ಷದ ಹಿಂದೆ, ಪೆಟ್ಟಿಗೆಗಳು ಬಂದ ವಾರವೇ ಯಾರಿಗೂ ಹೇಳದೆ ಕೊಂಡು ಬೀರುವಿನಲ್ಲಿ ಇಟ್ಟುಕೊಂಡಿದ್ದ ಸ್ಕಾರ್ಫ್ ಅದು. ಅಂಗಡಿಯ ಚೀಟಿ ಇನ್ನೂ ಅದರ ತುದಿಗೆ ನೇತಾಡುತ್ತಿತ್ತು. ಅವಳು ನಗುತ್ತಿದ್ದಳು.

“ಕತ್ತಲಾಗೋದರೊಳಗೆ ಆಸ್ಟಿನ್ ರೋಡ್‌ನಲ್ಲಿ ಒಂದಿಷ್ಟು ದೂರ...” ಎಂದು ಬಂದವಳು, ಗ್ಯಾರೇಜಿನ ಕಡೆ ನೋಡಿ ನಿಂತಳು.

ನಾಲ್ಕು ಗಂಡಸರಲ್ಲಿ ಮೂವರು ನೆಲ ನೋಡಿದರು. ಬದರಿನಾಥ ಇಕ್ಕಳವನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಗೇರ್‌ಬಾಕ್ಸಿನಲ್ಲಿ ಸದ್ದು ಬರುತ್ತಿತ್ತು ಎಂದು ಹೇಳಲು ಬಾಯಿ ತೆರೆದ. ಲೀಲಾವತಿ ಕೈ ಎತ್ತಿ ತಡೆದಳು. ನಿಧಾನವಾಗಿ ಡ್ರೈವ್‌ವೇಗೆ ಇಳಿದು, ಅಲ್ಲಿದ್ದ ಸೀಟನ್ನು ರಸ್ತೆಯ ಕಡೆಗೆ ತಿರುಗಿಸಿ ಕೂತಳು. ಕಾಲ ಮೇಲೆ ಕಾಲು ಹಾಕಿ, ಸ್ಕಾರ್ಫಿನ ಗಂಟು ಬಿಗಿ ಮಾಡಿಕೊಂಡಳು.

“ರೀ,” ಎಂದು ತಿರುಗಿ ನೋಡದೆ ಕರೆದಳು. “ನಾನು ಕೂತಾಯ್ತು. ಹೊರಡಿ.”